ಟೂ ಟೂ ಟೂನೋ, ಟೂ ಟೂ ತ್ರೀನೋ

ನಮ್ಮನಿಯವರ ಹೆಸರು ಶರಣಪ್ಪ. ಅವರು ಇರೋತನಕ ಆ ಹೆಸರು ನನ್ನ ಬಾಯಿಂದ ಬಂದಿಲ್ಲ. ಎರಡು ಸಾವಿರದ ಏಳರಲ್ಲಿ ಹೋದರು, ಇನ್ನು ಬರೆಯೋಕೆ ಅಡ್ಡಿ ಏನು ಅಂತ ಮಗಳು ಸ್ಫೂರ್ತಿ ಅಂದಳು. ನಾನು ನಾಲ್ಕನೇ ಇಯತ್ತೆ ಕಲಿತವಳು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿರಿ.

ವಿಜಾಪುರದಿಂದ ಬಂದು ಲಂಡನ್ನಿನ ಕ್ರೋಯ್ಡನ್ ಕಡೆ ಒಂದು ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಎಕ್ಸ್‌ರೇ ಫಿಲ್ಮ್ ತೊಳೆದರು. ಕತ್ತಲೆ ಕೋಣೆಯ ಕೆಲಸ. ಮಾತು ಕಡಿಮೆ, ಕೈ ಮಾತ್ರ ಗೂಟ ಬಡಿದ ಹಾಗೆ ಸ್ಥಿರ. ಇದ್ದದ್ದು ಒಂದೇ ಚಟ, ಆದಿತ್ಯವಾರ ಕ್ಲಬ್ಬಿಗೆ ಹೋಗಿ ಗುರಿ ಹೊಡೆಯೋದು. ಕಾಲೇಜಿನಲ್ಲಿ ಎನ್‌ಸಿಸಿಯವರು ಕಲಿಸಿದ್ದಂತೆ, ಆ ಹುಚ್ಚು ಇಲ್ಲಿಗೂ ಬಂತು. ಕೊರಳಲ್ಲಿ ಲಿಂಗ ಕಟ್ಟಿದವರು, ಒಂದು ಗುಬ್ಬಿಯನ್ನೂ ಕೊಂದವರಲ್ಲ. ಕಾಗದದ ಮೇಲಿನ ಕರೀ ಚುಕ್ಕಿಗೆ ಹೊಡೆದು, ಆ ಕಾಗದ ತಂದು ನನಗೆ ತೋರಿಸೋರು.

ಎರಡು ಸಾವಿರದ ಒಂದರಲ್ಲಿ ನೌಕರಿ ಮುಗೀತು. ಜೀವನದಲ್ಲಿ ಒಂದು ಸಲ ತಮ್ಮ ಅಳತೆಗೇ ಮಾಡಿಸಿದ ರೈಫಲಿನಿಂದ ಹೊಡೀಬೇಕು ಅನ್ನೋ ಆಸೆ ಇತ್ತು. ಬಂದೂಕು ಮಾಡುವ ಬ್ರಾಯನ್ ಅನ್ನೋವನು ಅಂಗಿ ಹೊಲಿಯೋವನ ಹಾಗೆ ಟೇಪು ಹಿಡಿದು ತೋಳು, ಕುತ್ತಿಗೆ, ಭುಜ ಎಲ್ಲಾ ಅಳೆದುಕೊಂಡ. ಯಾವ ತೋಟಾ ಹಾಕ್ತೀರಿ ಅನ್ನೋದೊಂದು ಹೇಳಿಬಿಡಿ, ನಳಿಗೆ ತರಿಸ್ತೀನಿ ಅಂದ. ಲೈಸನ್ಸಿಗೆ ಕೊಡೋ ಪೊಲೀಸರ ಫಾರಂನಲ್ಲೂ ಅದನ್ನೇ ಬರೀಬೇಕು. ಅಲ್ಲಿಗೆ ಬಂದು ನಿಂತಿತು ನೋಡಿ.

ಎರಡು ಖಾಲಿ ತೋಟಾ ತಂದು ಊಟದ ಮೇಜಿನ ಮೇಲೆ ನಿಲ್ಲಿಸಿದರು. ಹಿತ್ತಾಳೆಯವು.

"ಇದು ಟೂ ಟೂ ಟೂ. ಇದು ಟೂ ಟೂ ತ್ರೀ. ಏನ್ ಫರಕ ಐತಿ ಹೇಳು."

"ಎರಡೂ ನನ್ನ ಕಿರುಬೆರಳಿನಷ್ಟ ಅದಾವ. ಏನ್ ಫರಕರಿ?"

"ಬಾಜೂಕ ಇಟ್ಟ ನೋಡು. ಟೂ ಟೂ ತ್ರೀ ಅರ್ಧ ಜ್ವಾಳದ ಕಾಳಿನಷ್ಟು ಜಾಸ್ತಿ ಉದ್ದ ಐತಿ."

ಮೊದಲನೆಯದು ಮೆತ್ತಗೆ ಹೊಡೆಯುತ್ತದೆ, ಗುರಿ ಬಿಡೋದಿಲ್ಲ, ಆದರೆ ಎಲ್ಲಾ ಅಂಗಡಿಯಲ್ಲಿ ಸಿಗೋದಿಲ್ಲ. ಎರಡನೆಯದಕ್ಕೆ ಜೋರು ಒಂದು ಗುಂಜಿ ಹೆಚ್ಚು, ಎಲ್ಲಿ ಬೇಕಲ್ಲಿ ಸಿಗುತ್ತದೆ. ಇಷ್ಟೇ. ಇದನ್ನು ನಾನು ಎಷ್ಟು ಸಲ ಕೇಳಿದೆ ಅಂದರೆ ನಿದ್ದೆಯಲ್ಲೂ ಹೇಳಬಲ್ಲೆ.

ಸ್ಟ್ಯಾನ್ಮೋರಿನಲ್ಲಿ ಡಾಕ್ಟರ್ ಲಕ್ಷ್ಮೀಶ ಅಂತ ಮೈಸೂರಿನವರು, ಅದೇ ಕ್ಲಬ್ಬಿನವರು. ಅವರು ಫೋನಿನಲ್ಲಿ ಬೈಯೋರು. "ಶರಣಪ್ಪನೋರೇ, ಟೂ ಟೂ ತ್ರೀ ತಗೊಂಡು ಸುಮ್ನಿರಿ. ಇನ್ನೊಂದು ತಗೊಂಡು ತೋಟಾಗೋಸ್ಕರ ಊರೂರು ಅಲೀತೀರಾ?"

"ಭುಜಕ್ಕ ಹಗುರ ಆಗತದರಿ ಡಾಕ್ಟರ."

"ಎರಡೂ ಸೊಳ್ಳೆ ಕಚ್ಚಿದಂಗೆ ಕಣ್ರೀ. ಏನು ಹೆಣ್ಣು ನೋಡೋ ಶಾಸ್ತ್ರಾನಾ ಇದು?"

ಹೀಗೇ ಎರಡು ಚಳಿಗಾಲ ಕಳೆದವು. ಫಾರಂ ಫ್ರಿಜ್ಜಿನ ಮೇಲೆ ಧೂಳು ತಿನ್ನುತ್ತಾ ಬಿತ್ತು. ಹಳೇ ರೈಫಲಿನ ಲೈಸನ್ಸೂ ಆ ವರ್ಷ ಮುಗಿಯೋದಿತ್ತು, ಅದಕ್ಕೂ ಅದೇ ಫಾರಂ. ಯಾಕೆ ತುಂಬಿಲ್ಲ ಅಂದರೆ "ತೋಟಾ ಇನ್ನೂ ಗೊತ್ತಾಗಿಲ್ಲ" ಅನ್ನೋರು. ನನಗೆ ಕೇಳೀ ಕೇಳೀ ಸಾಕಾಗಿತ್ತು.

ನಮ್ಮಲ್ಲಿ ತಾಟಿಗೆ ಮೂರು ರೊಟ್ಟಿ ಹಾಕೋದಿಲ್ಲ. ಎರಡು, ಇಲ್ಲಾ ನಾಲ್ಕು. ಮೂರನೆಯದು ಬೇಕು ಅಂದವರಿಗೆ ಮುರಿದು ಹಾಕ್ತೀವಿ, ಮೂರು ಅನ್ನೋ ಲೆಕ್ಕ ತಪ್ಪಲಿ ಅಂತ. ಫೆಬ್ರುವರಿ ತಿಂಗಳು, ಮಧ್ಯಾಹ್ನದ ಊಟ. ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಎರಡು ತಿಂದು ಇನ್ನೊಂದು ಹಾಕು ಅಂದರು. ನಾನು ಒಲೆ ಮುಂದೆ ಒಗ್ಗರಣೆ ಕೊಡುತ್ತಿದ್ದೆ. "ನೀವ ಮುರಕೋರಿ" ಅಂತ ಇಡೀ ರೊಟ್ಟಿ ಕೈಗೆ ಕೊಟ್ಟು ತಿರುಗಿದೆ.

ಹಿಂದೆ ಟಕ ಟಕ ಟಕ ಅಂತ ಸಪ್ಪಳ. ನಳ ಸೋರುತ್ತಿದೆ ಅಂದುಕೊಂಡೆ. ತಿರುಗಿ ನೋಡಿದರೆ ಅವರ ಬಲಗೈಯಲ್ಲಿದ್ದ ರೊಟ್ಟಿ ಸ್ಟೀಲಿನ ತಾಟಿನ ಅಂಚಿಗೆ ಬಡೀತಿತ್ತು. ಅವರು ಬಡೀತಿರಲಿಲ್ಲ, ಕೈಯೇ ಬಡೀತಿತ್ತು. ನನ್ನ ನೋಡಿ ರೊಟ್ಟಿ ಕೆಳಗಿಟ್ಟರು.

"ಟೂ ಟೂ ತ್ರೀನೇ ಛಲೋ ಅನಸ್ತದ" ಅಂದರು.

ನಾನು ಒಲೆ ಆರಿಸಿ ಎದುರಿಗೆ ಕೂತೆ. "ಎಂದಿನಿಂದರಿ?"

"ಹೋದ ದೀಪಾವಳಿ ಅಲ್ಲ. ಅದರ ಹಿಂದಿಂದು."

ಎರಡು ಚಳಿಗಾಲ. ನನಗೆ ಆಗ ತಿಳೀತು. "ಫಾರಂ ನಿಂತದ್ದು ತೋಟಾಕ್ಕಲ್ಲ ಹಂಗಾದ್ರ."

ಫ್ರಿಜ್ಜಿನ ಮೇಲಿನ ಫಾರಂ ಕಡೆ ಬೆರಳು ತೋರಿಸಿದರು. "ಜಡ್ಡು ಏನರ ಐತೇನು ಅಂತ ಅದರಾಗ ಕೇಳ್ಯಾರ. ಐತಿ ಅಂತ ಬರದ್ರ ಜಿಪಿ ಡಾಕ್ಟರಗ ಕಾಗದ ಹೋಗತದ, ಲೈಸನ್ಸ್ ಹೋಗತದ. ಇಲ್ಲ ಅಂತ ಬರದ್ರ ಸುಳ್ಳು. ಒಂದ ಸಲ ನನ್ನ ಅಳತಿ ರೈಫಲಿಂದ ಹೊಡದು ಬಿಟ್ಟಬಿಡ್ತಿದ್ನಿ."

"ಹಿಂಗ ಕೈ ನಡಗೋರು ಬಂದೂಕ ಹಿಡದ್ರ ಅವರ ಬಾಜೂಕ ನೀವು ನಿಂದರತೀರೇನು?"

ಸ್ವಲ್ಪ ನಕ್ಕರು. "ನಿಂದ್ರೂದಿಲ್ಲ."

ಫಾರಂ ತಾವೇ ಇಳಿಸಿದರು, ಧೂಳು ಒರೆಸಿದರು. "ತೋಟಾ ಯಾವುದು ಬರೀಲಿ? ನೀನ ಹೇಳು."

"ಎರಡು ಬರೀರಿ. ಮೂರು ಬ್ಯಾಡ."

"ಹುಚ್ಚಿ, ಟೂ ಟೂ ಟೂ ಅಂದ್ರ ಎರಡು ಅನ್ನೂದು ಮೂರು ಸಲ ಬಂತಲ್ಲ."

"ಹಂಗಾರ ಒಂದು ಮುರದು ಹಾಕರಿ."

ಟೂ ಟೂ ಟೂ ಅಂತಲೇ ಬರೆದರು. ಜಡ್ಡಿನ ಸಾಲಿಗೆ ಬಂದಾಗ ಪೆನ್ನು ನಿಂತಿತು. ಆಮೇಲೆ ಐತಿ ಅಂತ ಬರೆದರು. ಅಕ್ಷರ ಇರುವೆ ಹರಿದ ಹಾಗೆ ಇದ್ದವು. ನಾನೇ ಹೋಗಿ ಪೋಸ್ಟಿಗೆ ಹಾಕಿದೆ. ಅಲ್ಲಿಂದ ಮನೆ ಹತ್ತು ಮಿನಿಟು, ಅವತ್ತು ಬಸ್‌ಸ್ಟಾಪಿನಲ್ಲಿ ಎರಡು ಸಲ ಕೂತು ಬಂದೆ.

ಜಿಪಿ ಆಯಿತು, ದೊಡ್ಡ ದವಾಖಾನೆ ಆಯಿತು, ಜಡ್ಡಿಗೆ ಒಂದು ಹೆಸರು ಇಟ್ಟರು. ಮೇ ತಿಂಗಳಲ್ಲಿ ಪೊಲೀಸ್ ಬಾಯಿ ಒಬ್ಬಳು ಬಂದಳು, ಒಳ್ಳೇ ಹೆಣ್ಣುಮಗಳು. ಲೈಸನ್ಸ್ ಮುಂದುವರಿಸೋದಿಲ್ಲ ಅಂತ ಮೆಲ್ಲಗೆ ಹೇಳಿದಳು. ಬಂದೂಕಿನ ಕಪಾಟಿನ ಕೀಲಿ ಎಲ್ಲಿಡುತ್ತಾರೆ ಅಂತ ನನಗೂ ಹೇಳಿರಲಿಲ್ಲ, ಕಾಯ್ದೆ ಹಾಗಂತ. ಅವತ್ತು ನನ್ನ ಮುಂದೇ ತೆಗೆದರು. ಹಳೇ ರೈಫಲ್ ಚೀಲದಲ್ಲಿ ಹಾಕಿ ಅವಳ ಕೈಗೆ ಕೊಟ್ಟು ಬಾಗಿಲತನಕ ಹೋದರು. ಮೇಜಿನ ಮೇಲಿನ ಖಾಲಿ ತೋಟಾ ತೋರಿಸಿದರೆ, ಅವು ಇರಲಿ ಅಂದಳು.

ಬ್ರಾಯನ್‌ಗೆ ಫೋನ್ ಮಾಡಿ ನಳಿಗೆ ತರಿಸಬೇಡ ಅಂದರು. ಅವನು ಏನಂದನೋ, ಇವರು ಎರಡು ಸಲ ಥ್ಯಾಂಕ್ಯೂ ಅಂದು ಇಟ್ಟರು.

ಆಮೇಲೆ ಊಟಕ್ಕೆ ಕೂತರು. ನಾನು ಎರಡು ರೊಟ್ಟಿ ಹಾಕಿದೆ. ತಾಟು ನನ್ನ ಕಡೆ ಸರಿಸಿದರು.

"ಇನ್ನ ಮ್ಯಾಲ ನೀನ ಮುರದು ಕೊಡು."

ಬಟ್ಟಲಿಗೆ ಹಾಲು ಹಾಕಿ ಸಣ್ಣಗೆ ಮುರಿಯುತ್ತಾ ಕೂತೆ. ಎರಡು ರೊಟ್ಟಿ ಆದವೋ, ಮೂರಾದವೋ. ಅವರೂ ಕೇಳಲಿಲ್ಲ, ನಾನೂ ಎಣಿಸಲಿಲ್ಲ.