ಗುಲಶನ ಬಿಡದೆ ಹೇಳಿದ್ದು

ಬೆಳಗಾವಿ ಕೋಟೆಯ ಬಾಜು ಓಣಿಯಲ್ಲಿ ರವಿಕೆ ಹೊಲಿಯುವ ಗುಲಶನಳಿಗೆ ಮನೆಯಲ್ಲಿ ಉರ್ದು, ಸಾಲಿಯಲ್ಲಿ ಕನ್ನಡ, ಗಿರಾಕಿಗಳಿಂದ ಮರಾಠಿ ಬಂತು. ಹನ್ನೆರಡು ವರ್ಷದಿಂದ ಪರಿಸರದ ಸಭೆ ಎಲ್ಲೇ ಆಗಲಿ, ಒಬ್ಬರ ಮಾತು ಇನ್ನೊಬ್ಬರಿಗೆ ದಾಟಿಸುವ ಕೆಲಸ ಅವಳದೇ. ಕಾಡು, ಹುಲಿ, ನದಿ ಎಲ್ಲ ಉಳಿಸುವವರು ಅವಳಿಗೊಂದು ಕುರ್ಚಿ ಉಳಿಸಿದ್ದು ಮಾತ್ರ ಯಾರೂ ಕಂಡಿಲ್ಲ.

ಖಾನಾಪುರದಲ್ಲಿ ಕಲ್ಲುಗಣಿಯ ಅಹವಾಲು ಸಭೆ. ಕಂಪನಿಯ ವರದಿ ಇಂಗ್ಲಿಷಿನಲ್ಲಿ ನಾನೂರು ಪುಟ, ಕನ್ನಡದಲ್ಲಿ ಆರು. ಕಂಪ್ಯೂಟರು ಮಾಡಿದ ಆ ಕನ್ನಡ ಕನ್ನಡಿಗರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಮರಾಠಿಯವರಿಗಷ್ಟೇ ಅನ್ಯಾಯವಾಯಿತು ಅನ್ನುವಂತಿಲ್ಲ. ತಿಳಿಯುವ ಸಾಲು ಒಂದೇ: ‘ಗಣಿ ಜಾಗದಲ್ಲಿ ನೀರಿನ ಸೆಲೆ ಇಲ್ಲ.’

ಅಹವಾಲು ಹೇಳಲು ಬಂದಿದ್ದ ಮುದುಕಿ ಗಂಗಾದೇವಿಯ ವಾಡಿಯ ನಲವತ್ತು ಮನೆಗಳು ಕುಡಿಯುವುದು ಆ ಇಲ್ಲದ ಸೆಲೆಯ ನೀರನ್ನೇ. ಅದು ಸಭೆಯ ನಡಾವಳಿಯಲ್ಲಿ ಬರದಿದ್ದರೆ ಮುಂದೆ ಯಾವ ಕೋರ್ಟಿಗೆ ಹೋದರೂ ಇಲ್ಲದ್ದು ಇಲ್ಲದ್ದೇ. ಮುದುಕಿಗೆ ಮರಾಠಿ ಬಿಟ್ಟು ಬೇರೆ ಬಾರದು. ನಡಾವಳಿ ಬರೆದುಕೊಳ್ಳುವ ಸರಕಾರಿ ಸಾಹೇಬರಿಗೆ ಮರಾಠಿ ಬಾರದು.

ಹಿಂದವಾಡಿಯ ಹೋರಾಟಗಾರ ಬಸವಪ್ರಸಾದ ಮೊದಲೇ ಗುಲಶನಳ ಕಿವಿಯಲ್ಲಿ ಊದಿದ್ದ. “ಅಕ್ಕಾರ, ಆಕಿ ಏನರ ಅನ್ನಲಿ, ನೀವು ಜೀವವೈವಿಧ್ಯ ಅನ್ನೂದು ಮರೀಬ್ಯಾಡ್ರಿ.”

“ಆಕಿ ಅಂದ್ರ ಅಂತೀನಿ.”

ಮುದುಕಿ ಅನ್ನಲಿಲ್ಲ. ಸೆಲೆ, ಎಮ್ಮೆ, ಸೊಸೆಯಂದಿರ ಕೊಡ ಅಂತ ಶುರುಮಾಡಿದಳು. ಗುಲಶನ ಒಂದೊಂದನ್ನೇ ಕನ್ನಡದಲ್ಲಿ ಹೇಳುತ್ತ ಹೋದಳು. ಸಾಹೇಬರ ಪೆನ್ನು ಮಲಗಿಯೇ ಇತ್ತು.

“ಸಾರಾಂಶ ಹೇಳ್ರಿ ಬಾಯಾರ. ‘ವಿರೋಧ ಐತಿ’ ಅಂತ ಬರದೀನಿ, ಸಾಕಲ್ಲ?”

ಅಷ್ಟರಲ್ಲಿ ಗಂಗಾದೇವಿ ಇನ್ನೊಂದು ಮಾತು ಸೇರಿಸಿದಳು. ಬಸವಪ್ರಸಾದನಿಗೆ ಮರಾಠಿ ತಿಳಿಯುತ್ತಿತ್ತು. ಅವನ ಮುಖ ಸುಟ್ಟ ಬದನೆಕಾಯಿಯಾಯಿತು. “ಅದೊಂದು ಬಿಡ್ರಿ ಅಕ್ಕಾರ!”

ಗುಲಶನ ತಡವರಿಸಿದಳು. ಬಿಟ್ಟರೆ ಯಾರಿಗೂ ತಿಳಿಯದು. ಆದರೆ ತನಗೆ ಬೇಕಾದ್ದಷ್ಟೇ ಹೇಳುವುದಾದರೆ ಆ ಆರು ಪುಟಕ್ಕೂ ತನಗೂ ಏನು ಫರಕು? ಹೇಳಿಬಿಟ್ಟಳು:

“ನೀವು ಕಲ್ಲು ಒಡಿಯೂ ಗುಡ್ಡದಾಗ, ಸೆಲಿ ದಂಡಿ ಮ್ಯಾಲಿನ ಎರಡು ಮತ್ತಿ ಮರ ಹೋದ ವರ್ಷ ನಾವ ಕಡದೇವಿ, ದನದ ಕೊಟ್ಟಿಗಿಗೆ. ನೀರು ಅರ್ಧಕ್ಕ ಇಳೀತು. ಎರಡು ಮರಕ್ಕ ಹಿಂಗಾದ್ರ, ನಿಮ್ಮ ಮಶೀನ ಬಂದ್ರ ಏನಾದೀತು?”

ಕಂಪನಿಯ ವರದಿ ಬರೆದಿದ್ದ ವಿನಯ ಕುರ್ಚಿಯಿಂದ ಜಿಗಿದ. “ಸರ್, ಶಬ್ದಶಃ ಬರ್ಕೊಳ್ಳಿ! ಕಾಡು ಕಡಿಯೋರು ಇವರೇ. ಬೇಕಾದ್ರೆ ನಾನೂ ಸಹಿ ಹಾಕ್ತೀನಿ.”

ಕಂಪನಿ ಕೇಳಿದರೆ ಸರಕಾರಿ ಪೆನ್ನಿಗೆ ಜೀವ ಬರುವುದು ಹೊಸದಲ್ಲ. ಶಬ್ದಶಃ ಬರೆಯಿತು. ವಿನಯ ಸಹಿಯನ್ನೂ ಹಾಕಿದ.

ಕೊನೆಗೆ ನಡಾವಳಿ ಓದುತ್ತಿದ್ದ ಸಾಹೇಬರು ಆ ಸಾಲಿಗೆ ಬಂದು ನಿಂತರು. ವರದಿ ತಿರುವಿದರು. ವಿನಯನನ್ನು ನೋಡಿದರು.

“ಸೆಲಿನ ಇಲ್ಲಂದೀರಿ. ದಂಡಿ ಎಲ್ಲಿಂದ ಬಂತ್ರಿ?”

“ಸರ್, ಆ ಸಾಲು ತೆಗೀಬಹುದಾ?”

“ನೀವ ಬರಸೀರಿ, ಸಹಿ ಬ್ಯಾರೆ ಹಾಕೀರಿ. ಮಂಗಳವಾರ ಹೋಗಿ ನೋಡೂಣು.”

ಇದು ತಮ್ಮದೇ ತಂತ್ರವೆಂದು ಬಸವಪ್ರಸಾದ ಅಷ್ಟೊತ್ತಿಗೆ ಪತ್ರಕರ್ತರಿಗೆ ವಿವರಿಸುತ್ತಿದ್ದ.

ಗುಲಶನ ಬಗ್ಗಿ ಮುದುಕಿಗೆ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದಳು, ಕಾಡು ಕಡಿಯೋರು ಅಂದದ್ದನ್ನೂ. ಗಂಗಾದೇವಿ ಏನೋ ಗೊಣಗಿದಳು. ಗುಲಶನ ಸಾಹೇಬರ ಕಡೆ ತಿರುಗಿದಳು.

“ಮುಂಜಾನೆನ ಬರಬೇಕಂತ್ರಿ. ಆಮ್ಯಾಲೆ ಆಕಿ ನಾಟಿಗೆ ಹೋಗ್ತಾಳಂತ, ನಿಮ್ಮ ದಾರಿ ಕಾಯಾಂಗಿಲ್ಲಂತ.”

ಸಾಹೇಬರು ಅದನ್ನೂ ಬರೆದುಕೊಂಡರು.