ದೊಡ್ಡವ್ವ ಹಚ್ಚಿದ ಬೇಲಿ

ದೊಡ್ಡವ್ವನ ಅಂಗೈ ತುಂಬ ಕಪ್ಪು ಚುಕ್ಕೆಗಳಿದ್ದವು. ಜಾಲಿಮುಳ್ಳಿನ ತುದಿಗಳು ಮುರಿದು ಚರ್ಮದೊಳಗೇ ಉಳಿದುಬಿಟ್ಟಿದ್ದವು. ನಾನು ಪಿನ್ನು ಹಿಡಿದು ಕೂತರೆ, "ಇರ್ಲಿ ಬಿಡು, ಅವೇನು ಅನ್ನ ಕೇಳ್ತಾವೇನು?" ಎಂದು ಕೈ ಎಳೆದುಕೊಳ್ಳುತ್ತಿದ್ದಳು.

ದೇವದುರ್ಗದ ಕಡೆ, ಬಂಡೆಗಲ್ಲಿನ ಗುಡ್ಡದ ಬುಡಕ್ಕೆ ನಾಲ್ಕಾರು ಮನೆಗಳ ದೊಡ್ಡಿ ನಮ್ಮದು. ಗುಡ್ಡದ ತುಂಬ ಸೀತಾಫಲದ ಗಿಡ, ಬೆಳಗಾದರೆ ನವಿಲಿನ ಕೂಗು. ಊರ ದಾರಿ ಹಿಡಿಯಲು ಸಾವ್ಕಾರನ ಹೊಲ ದಾಟಬೇಕು, ಇಲ್ಲವೇ ಗುಡ್ಡ ಬಳಸಬೇಕು. ನನ್ನ ಅವ್ವನಿಗೆ ಹೆರಿಗೆಯ ಬೇನೆ ಎದ್ದ ದಿನ ದೊಡ್ಡವ್ವ ತಂಗಿಯನ್ನು ಬಂಡಿಯಲ್ಲಿ ಮಲಗಿಸಿಕೊಂಡು ಆ ಹೊಲದ ಬದುವಿಗೆ ಹೋದಳು. ಸಾವ್ಕಾರ ಅಡ್ಡ ನಿಂತ. "ಬಿತ್ತಿದ ಹೊಲ ಅದ. ಸುತ್ತ ಹೋಗ್ರಿ." ದೊಡ್ಡವ್ವ ಅವನ ಕಾಲು ಹಿಡಿದಳು. ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. ಗುಡ್ಡದ ಹಿಂಬದಿಗೆ ಹೋಗುವಷ್ಟರಲ್ಲಿ ಅವ್ವ ತೀರಿಕೊಂಡಳು, ಹೊಟ್ಟೆಯ ಕೂಸೂ ಹೋಯಿತು. ಬಂಡಿಯಲ್ಲಿ ಅವಳ ಪಾದ ಹಿಡಿದು ಕೂತಿದ್ದ ನನ್ನನ್ನು ದೊಡ್ಡವ್ವ ಸಾಕಿದಳು.

ಮುಂದೆ ಕಾಲುವೆ ಬಂತು. ಅದರ ಗುಂಟ ಡಾಂಬರು ರಸ್ತೆ ನಮ್ಮ ಹೊಲದ ಮಗ್ಗುಲಿಗೇ ಬಂತು. ಆ ರಸ್ತೆ ಹತ್ತಲು ಈಗ ಸಾವ್ಕಾರನಿಗೆ ನಮ್ಮ ಹೊಲದ ದಾರಿ ಬೇಕಾಯಿತು. ದೊಡ್ಡವ್ವ ಜಾಲಿ ಕಡಿದು ಬೇಲಿ ಹಚ್ಚಿದಳು. ಮಳೆಗೆ ಕೊಳೆತರೆ ಮತ್ತೆ ಹಚ್ಚಿದಳು. ಅವನ ಭತ್ತದ ಲಾರಿ ಗುಡ್ಡ ಬಳಸಿ ಏದುಸಿರು ಬಿಡುವುದನ್ನು ನೋಡುತ್ತ ನಾವಿಬ್ಬರೂ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆವು. ಅಷ್ಟು ರುಚಿಯ ರೊಟ್ಟಿ ಮತ್ತೆ ತಿಂದಿಲ್ಲ.

ಒಂದು ಮಧ್ಯಾಹ್ನ ಸಾವ್ಕಾರನ ಮಗ ಬೇಲಿಯ ಹತ್ತಿರ ಕಾರು ತಂದು ನಿಲ್ಲಿಸಿದ. "ಯವ್ವಾ, ಅಪ್ಪಗ ಎದಿ ಹಿಡ್ಕೊಂಡದ. ರಾಯಚೂರಿಗೆ ಒಯ್ಬೇಕು, ದಾರಿ ಬಿಡ್ರಿ."

"ಬಿಡಬ್ಯಾಡ ದೊಡ್ಡವ್ವ," ಎಂದೆ ನಾನು.

ಅವಳು ಕಾರಿನ ಕಿಟಕಿಗೆ ಬಗ್ಗಿದಳು. "ನನ್ನ ತಂಗೀದು ನೆನಪದ ಏನು, ಸಾವ್ಕಾರ?"

ಅವನು ಕಣ್ಣು ಮುಚ್ಚಿದ.

"ಬಾಯಿಬಿಟ್ಟು ಹೇಳು."

"ನೆನಪದ," ಎಂದ.

ದೊಡ್ಡವ್ವ ಬರಿಗೈಯಲ್ಲೇ ಮುಳ್ಳು ಎಳೆದು ದಾರಿ ಮಾಡಿದಳು. ಕಾರು ಹೋದಮೇಲೆ ನಾನು ಸಿಟ್ಟಿಗೆ ಅತ್ತುಬಿಟ್ಟೆ. "ಯಾಕ ಬಿಟ್ಟಿ?"

"ಸತ್ತವ್ರು ಮರೀತಾರ. ಅವ ಬದುಕಿ ನೆನಸ್ಲಿ," ಎಂದಳು. ಸಂಜೆಯೊಳಗೆ ಬೇಲಿ ಮತ್ತೆ ಎದ್ದಿತ್ತು.

ಅವನು ಬದುಕಿದ. ದೇವದುರ್ಗದ ಸಂತೆಯಲ್ಲಿ ದೊಡ್ಡವ್ವ ಬೇಕೆಂದೇ ಅವನ ಎದುರು ಹಾದುಬರುತ್ತಿದ್ದಳು. ಅವನೇ ತಲೆ ತಗ್ಗಿಸುತ್ತಿದ್ದ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ನಮ್ಮ ಹೊಲದಲ್ಲೇ ಕುಣಿ ತೋಡಿ ಇಳಿಸಿದೆವು. ಸಾವ್ಕಾರ ಹೂವಿನ ಹಾರ ಹಿಡಿದು, ಕೋಲೂರಿಕೊಂಡು ಬೇಲಿಯ ಆಚೆ ಬಂದು ನಿಂತ. "ಯವ್ವಾ, ಒಂದ್ಸಲ ಆಕಿ ಮಾರಿ ನೋಡ್ತೀನಿ," ಎಂದು ನನಗೆ ಕೈ ಮುಗಿದ. ದೊಡ್ಡಿಯವರೆಲ್ಲ ನನ್ನತ್ತ ತಿರುಗಿದರು.

"ಮಣ್ಣು ಹಾಕ್ರಿ," ಎಂದೆ.