ಬರ್ನಡೆಟ್ ಸಾಕಿದ ಕೋಶಗಳು

ಪಿಟ್ಸ್‌ಬರ್ಗಿನ ನಮ್ಮ ಪ್ರಯೋಗಾಲಯದಲ್ಲಿ ನಾನು ಗಾಜು ತೊಳೆಯುವವನು, ಬರ್ನಡೆಟ್ ಜೀವಕೋಶ ಸಾಕುವವಳು. ಬಾಟಲಿಯ ಕೆಂಪು ಪೋಷಕ ದ್ರವ ಉಣಿಸಿ, ಹಸುಗೂಸುಗಳಂತೆ ಬೆಚ್ಚಗಿಟ್ಟು ಬೆಳೆಸುತ್ತಾಳೆ. ಅವಳ ಕೋಶ ಕೆಟ್ಟಿತೆಂದು ಯಾರೂ ಅಂದದ್ದಿಲ್ಲ.

ತುಟಿಯಲ್ಲಿ ಹುಣ್ಣೆಬ್ಬಿಸುವ ಹರ್ಪಿಸ್ ವೈರಸ್ಸಿಗೆ ಸ್ವಂತ ಕೈಕಾಲಿಲ್ಲ. ಹೊಕ್ಕ ಕೋಶದ ಪ್ರೋಟೀನುಗಳನ್ನೇ ಆಳುಗಳಂತೆ ದುಡಿಸಿಕೊಂಡು ತನ್ನ ಸಂತಾನ ಬೆಳೆಸುತ್ತದೆ. ಅಂಥ ಒಂದು ಪ್ರೋಟೀನನ್ನು ನಮ್ಮ ವಿದ್ಯಾರ್ಥಿ ಕ್ಲೇಟನ್ ಕಂಡುಹಿಡಿದಿದ್ದ. ಅದನ್ನು ಕಿತ್ತುಹಾಕಿದ ಕೋಶಗಳಲ್ಲಿ ವೈರಸ್ ಬೆಳೆಯುತ್ತಿರಲಿಲ್ಲ. ಅವನ ಪದವಿ ನಿಂತಿದ್ದೇ ಅದರ ಮೇಲೆ. ಈ ವಸಂತದಲ್ಲಿ ಇದ್ದಕ್ಕಿದ್ದಂತೆ ಆ ಕೋಶಗಳಲ್ಲೂ ವೈರಸ್ ಭರ್ಜರಿಯಾಗಿ ಬೆಳೆಯಿತು.

“ನಾನು ಕಂಡಿದ್ದೆಲ್ಲ ಸುಳ್ಳು. ಬಿಟ್ಟು ಹೋಗ್ತೀನಿ,” ಎಂದ ಕ್ಲೇಟನ್.

“ಹೋಗೋ ಮುಂಚೆ ನಿನ್ನ ಸೀಸೆಗಳನ್ನ ಬ್ಲೀಚಿಗೆ ಹಾಕು. ನಾನೇನು ನಿನ್ನ ಮನೆ ಆಳಾ?” ಎಂದು ರೇಗಿದೆ.

ಬರ್ನಡೆಟ್ ನನ್ನ ಹಿಂದೆಯೇ ತೊಳೆಯುವ ಕೋಣೆಗೆ ಬಂದಳು.

“ರಾಯ್, ಅದು ಸುಳ್ಳಲ್ಲ ಕಣೋ. ನನ್ನಿಂದಾಗಿದ್ದು. ಹಾಕಿ ಪಂದ್ಯಕ್ಕೆ ಹೊತ್ತಾಯ್ತು ಅಂತ ಮಾಮೂಲಿ ಕೋಶಕ್ಕೂ ಕ್ಲೇಟನ್ ಕೋಶಕ್ಕೂ ಒಂದೇ ಬಾಟಲಿಯಿಂದ ಉಣಿಸ್ಬಿಟ್ಟೆ, ಅದೇ ನಳಿಕೇಲಿ.”

ಒಂದೊಂದು ಬಗೆಯ ಕೋಶಕ್ಕೂ ಬೇರೆ ಬಾಟಲಿ, ಬೇರೆ ನಳಿಕೆ. ಅದು ಅವಳೇ ಎಲ್ಲರಿಗೂ ಕಲಿಸಿದ ನಿಯಮ. ನಳಿಕೆಯಲ್ಲಿ ದಾಟಿದ ನಾಲ್ಕಾರು ಮಾಮೂಲಿ ಕೋಶಗಳು ದಡದಡ ಬೆಳೆದು, ಕ್ಲೇಟನ್ನನ ಸೊರಗು ಕೋಶಗಳನ್ನು ಮೂಲೆಗೊತ್ತಿದ್ದವು. ಆ ಪ್ರೋಟೀನು ಅವುಗಳಲ್ಲಿ ಇದ್ದೇ ಇತ್ತು, ವೈರಸ್ ಬೆಳೆದದ್ದು ಅವುಗಳಲ್ಲೇ.

“ಯಾವಾಗ ಗೊತ್ತಾಯ್ತು?”

“ಹೋದ ವಾರ.”

“ಒಂದು ವಾರ ಆ ಹುಡುಗ ಒದ್ದಾಡ್ತಿದ್ರೆ ಬಾಯಿ ಹೊಲ್ಕೊಂಡು ಕೂತಿದ್ಯಾ?” ನನ್ನ ಕೂಗು ಕಾರಿಡಾರಿಗೆಲ್ಲ ಕೇಳಿಸಿರಬೇಕು.

“ನನ್ನ ಕೋಶ ಕೆಟ್ಟಿದೆ ಅನ್ನೋಕೆ ನಾಲಗೆ ಏಳ್ಲಿಲ್ಲ.”

ಆದರೂ ನೆಟ್ಟಗೆ ಹೋಗಿ ಅವನಿಗೆ ಹೇಳಿದಳು. ಕ್ಲೇಟನ್ ಬ್ಲೀಚಿಗೆ ಹಾಕಲು ಎತ್ತಿದ್ದ ಸೀಸೆಯನ್ನು ಕೆಳಗಿಟ್ಟ.

“ಪಂದ್ಯ ಗೆದ್ರಾ?”

“ಸೋತ್ವು,” ಎಂದವಳೇ ಅತ್ತುಬಿಟ್ಟಳು.

ಅವನ ಹಳೆಯ ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ಒಂದೇ ಒಂದು ಕೊಳವೆ ಫ್ರೀಜರಿನಲ್ಲಿ ಉಳಿದಿತ್ತು.

“ನೀನೇ ಕರಗಿಸಿ ಎಬ್ಬಿಸಪ್ಪ. ನನ್ನ ಕೈ ಬೇಡ,” ಎಂದಳು ಬರ್ನಡೆಟ್.

“ನನ್ನ ಕೈಲಿ ಪಾಚೀನೂ ಬದುಕಲ್ಲ ಬರ್ನಿ. ನೀನೇ ಮಾಡು.”

ಮಾಡಿದಳು. ಕೋಶಗಳು ಎದ್ದವು, ವೈರಸ್ ಅವುಗಳಲ್ಲಿ ಏಳಲಿಲ್ಲ. ಕ್ಲೇಟನ್ ಉಳಿದುಕೊಂಡ. ಆದರೆ ಅವಳು ಸುಮ್ಮನಿದ್ದ ಆ ವಾರದಲ್ಲೇ ಅವನು ಹರ್ಪಿಸ್ ಸಮ್ಮೇಳನದ ಭಾಷಣವನ್ನು ಹಿಂತೆಗೆದುಕೊಂಡಿದ್ದ. ಆ ಜಾಗ ಬೇರೆಯವರ ಪಾಲಾಗಿತ್ತು.

ಸಮ್ಮೇಳನದ ದಿನ ಕ್ಲೇಟನ್ ಅವಳ ಪಕ್ಕದ ಮೇಜಿನಲ್ಲೇ ಸಿಳ್ಳೆ ಹಾಕುತ್ತ ಕೆಲಸ ಮಾಡಿದ. ಬರ್ನಡೆಟ್ ಊಟಕ್ಕೆ ಏಳಲಿಲ್ಲ. ನಾನೂ ಕರೆಯಲಿಲ್ಲ.